ಚಿತ್ರದೊಳಗೆ ಬಾರದ ಎರಡು ಸೆಂಟಿಮೀಟರ್

2022ರಲ್ಲಿ ನಾನು ವಡೋದರಾದ ಒಂದು ಚಾರಿಟೇಬಲ್ ಟ್ರಸ್ಟಿನ ಸಂಚಾರಿ ಮ್ಯಾಮೊಗ್ರಫಿ ವ್ಯಾನಿನಲ್ಲಿ ಹಿರಿಯ ಟೆಕ್ನಾಲಜಿಸ್ಟ್ ಆಗಿದ್ದೆ. ಚಿತ್ರದುರ್ಗದವಳಾದ ನಾನು ಈ ಕಡೆ ಬಂದದ್ದು ಬ್ಯಾಂಕಿನಲ್ಲಿದ್ದ ನಮ್ಮ ಯಜಮಾನರ ವರ್ಗಾವಣೆಯಿಂದ. ಮೂರು ವರ್ಷ ಇದ್ದು ಹೋಗೋಣವೆಂದು ಬಂದವರು ಇಲ್ಲಿಯೇ ಉಳಿದೆವು. ಕೈಯಲ್ಲಿ ಎಕ್ಸ್-ರೇ ತಂತ್ರಜ್ಞಾನದ ಡಿಪ್ಲೊಮಾ ಇತ್ತು. ಮೊದಲು ಆಸ್ಪತ್ರೆಯೊಂದರಲ್ಲಿ ಮೂಳೆ ಮುರಿದವರ, ಕೆಮ್ಮು ಹಿಡಿದವರ ಎಕ್ಸ್-ರೇ ತೆಗೆಯುತ್ತಿದ್ದೆ. ಆಮೇಲೆ ಮ್ಯಾಮೊಗ್ರಫಿಯ ತರಬೇತಿ ಪಡೆದೆ. ಈ ಘಟನೆ ನಡೆಯುವ ಹೊತ್ತಿಗೆ ಅದರಲ್ಲೇ ನನಗೆ ಹದಿನಾಲ್ಕು ವರ್ಷ ತುಂಬಿತ್ತು. ಹೊಸಬರಿಗೆ ಪಾಠ ಹೇಳಿಕೊಡುವಷ್ಟು ಹಳಬಳಾಗಿದ್ದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆ ಅನನುಭವವನ್ನು ದೂರುವಂತಿಲ್ಲ.

ನಮ್ಮ ವ್ಯಾನ್ ಹೊರಗಿನಿಂದ ನೋಡಿದರೆ ಸಾಧಾರಣ ಬಸ್ಸು. ಒಳಗೆ ಮುಂಭಾಗದಲ್ಲಿ ಹೆಸರು ಬರೆಸುವ ಮೇಜು, ನಡುವೆ ಬಟ್ಟೆ ಬದಲಿಸಲು ಪರದೆ, ಹಿಂದೆ ಸೀಸದ ಹೊದಿಕೆಯ ಪುಟ್ಟ ಕೋಣೆ. ಆ ಕೋಣೆಯಲ್ಲಿ ಯಂತ್ರ ಮತ್ತು ನಾನು. ಸ್ತನದ ಕ್ಯಾನ್ಸರನ್ನು ಗಂಟು ಕೈಗೆ ಸಿಗುವ ಮೊದಲೇ ಹಿಡಿಯುವುದು ಈ ಪರೀಕ್ಷೆಯ ಉದ್ದೇಶ. ಆಸ್ಪತ್ರೆಗೆ ಬಾರದ ಹೆಂಗಸರ ಮನೆಯ ಬಾಗಿಲಿಗೆ ನಾವು ಹೋಗುತ್ತಿದ್ದೆವು. ವಾರದಲ್ಲಿ ಒಂದು ದಿನ ಸೂರತ್, ಇನ್ನೊಂದು ದಿನ ಅಹಮದಾಬಾದ್, ಉಳಿದ ದಿನ ವಡೋದರಾದ ಸುತ್ತಮುತ್ತ. ಚಿತ್ರಗಳನ್ನೆಲ್ಲ ಅಹಮದಾಬಾದಿನ ನವರಂಗಪುರದಲ್ಲಿದ್ದ ರೇಡಿಯಾಲಜಿಸ್ಟ್ ಡಾ. ಹೇತಲ್ ಅವರಿಗೆ ಕಳಿಸುತ್ತಿದ್ದೆವು. ಅವರು ನೋಡಿ ವರದಿ ಬರೆಯುತ್ತಿದ್ದರು.

ಟೆಕ್ನಾಲಜಿಸ್ಟ್ ಅಂದರೆ ಗುಂಡಿ ಒತ್ತುವವಳು ಎಂದು ಬಹಳ ಜನ ತಿಳಿದಿದ್ದಾರೆ. ಗುಂಡಿ ಒತ್ತುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಹೆಂಗಸನ್ನು ಯಂತ್ರದ ಎದುರು ಸರಿಯಾಗಿ ನಿಲ್ಲಿಸಿ, ಸ್ತನವನ್ನು ಎದೆಗೋಡೆಯಿಂದಲೇ ಮುಂದಕ್ಕೆ ಎಳೆದು, ತಟ್ಟೆಯ ಮೇಲೆ ಹರಡಿ, ಮೇಲಿನಿಂದ ಪಾರದರ್ಶಕ ಹಲಗೆಯಿಂದ ಒತ್ತಿ ಹಿಡಿಯಬೇಕು. ಪ್ರತಿ ಸ್ತನಕ್ಕೆ ಎರಡು ಚಿತ್ರ. ಒಂದು ಮೇಲಿನಿಂದ ಕೆಳಕ್ಕೆ, ಇನ್ನೊಂದು ಓರೆಯಾಗಿ. ಓರೆ ಚಿತ್ರಕ್ಕೆ ಕೈಯನ್ನು ಎತ್ತಿ ಯಂತ್ರದ ಮೇಲೆ ಚಾಚಿಸಬೇಕು. ಆಗ ಕಂಕುಳಿನ ಭಾಗ ಮತ್ತು ಎದೆಯ ಸ್ನಾಯು ಎರಡೂ ಚಿತ್ರದೊಳಗೆ ಬರುತ್ತವೆ. ಆ ಸ್ನಾಯುವಿನ ಬಿಳಿ ನೆರಳು ಮೊಲೆತೊಟ್ಟಿನ ಮಟ್ಟದವರೆಗೆ ಇಳಿದಿದ್ದರೆ ಹಿಂಭಾಗವೆಲ್ಲ ಬಂದಿದೆ ಎಂದರ್ಥ. ಮೇಲೆಯೇ ನಿಂತುಬಿಟ್ಟಿದ್ದರೆ ಏನೋ ಹೊರಗುಳಿದಿದೆ. ಹೊರಗುಳಿದದ್ದನ್ನು ಎಷ್ಟು ದೊಡ್ಡ ಡಾಕ್ಟರೂ ನೋಡಲಾರರು. ಹೊಸಬರಿಗೆ ನಾನು ಮೊದಲ ದಿನ ಹೇಳುತ್ತಿದ್ದ ಮಾತು ಇದೇ.

ಆ ವರ್ಷದ ಡಿಸೆಂಬರಿನಲ್ಲಿ ಸೂರತ್‌ನ ಅಡಾಜಣ್‌ನಲ್ಲಿ ಶಿಬಿರ ಇತ್ತು. ಅಲ್ಲಿನ ಹೆಂಗಸರು ಸೇರಿ ಕರೆಸಿದ್ದರು. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದ್ದೆವು. ಹೆಸರು ಬರೆದುಕೊಳ್ಳುವ ಭಾವನಾಬೆನ್ ಬೆಳಗ್ಗೆಯೇ ಪಟ್ಟಿ ತೋರಿಸಿದಳು. ನಲವತ್ತೆರಡು ಜನ. ನೆಟ್ಟಗೆ ಮಾಡಬೇಕೆಂದರೆ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಬೇಕು. ನಲವತ್ತೆರಡಕ್ಕೆ ಅಷ್ಟು ಹೊತ್ತು ಕೊಡಲು ಒಂದು ದಿನ ಸಾಲದು. ಆದರೂ ಯಾರನ್ನೂ ವಾಪಸ್ ಕಳಿಸಬಾರದೆಂದು ಟ್ರಸ್ಟಿನಿಂದ ಸೂಚನೆ ಇತ್ತು.

ಜಲಜಾಕ್ಷಿ ಒಳಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಇಪ್ಪತ್ತೊಂಬತ್ತನೆಯವಳು. ನಲವತ್ತೇಳು ವರ್ಷ, ಬ್ರಹ್ಮಾವರದ ಕಡೆಯವಳು, ಮದುವೆಯಾಗಿ ಸೂರತ್‌ಗೆ ಬಂದು ಇಪ್ಪತ್ತೈದು ವರ್ಷ. ಗಂಡ ಸದಾನಂದ ಅಲ್ಲೇ ಎರಡು ರಸ್ತೆ ಆಚೆ ಇಡ್ಲಿ-ದೋಸೆಯ ಹೋಟೆಲು ನಡೆಸುತ್ತಿದ್ದರು. ಅಡುಗೆಮನೆಯ ಮೇಲುಸ್ತುವಾರಿ ಇವಳದು. ಇಡೀ ದಿನ ಗುಜರಾತಿ, ಹಿಂದಿಯಲ್ಲೇ ಮಾತಾಡಿ ಸೋತಿದ್ದ ನನಗೆ ಆ ಬಾಗಿಲಲ್ಲಿ ಕನ್ನಡ ಕೇಳಿ ಮೈ ಹಗುರಾಯಿತು.

"ಅಕ್ಕ, ನೀವು ಕನ್ನಡದವರಂತೆ? ಹಾಗಾದ್ರೆ ನಂಗೆ ಹೆದರಿಕೆ ಇಲ್ಲ" ಅಂದಳು.

ಬಲಗಡೆಯ ಎರಡು ಚಿತ್ರ ಸಲೀಸಾಗಿ ಬಂದವು. ಎಡಗಡೆಗೆ ಬಂದಾಗ ಕೈ ಎತ್ತಲು ಹೇಳಿದೆ. ಅರ್ಧಕ್ಕೆ ನಿಂತಿತು.

"ಈ ಭುಜ ಹಿಡ್ಕೊಂಡಿದೆ ಅಕ್ಕ. ಎರಡು ವರ್ಷದಿಂದ. ಪಾತ್ರೆ ಎತ್ತಿ ಎತ್ತಿ ಹೀಗೆ ಆದದ್ದು. ಮೇಲೆ ಹೋಗುದಿಲ್ಲ."

ಸ್ವಲ್ಪ ಸ್ವಲ್ಪವೇ ಎತ್ತಿಸಿದೆ. ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು. ಎಳೆದು ತಟ್ಟೆಯ ಮೇಲೆ ಇಟ್ಟು ಹಲಗೆ ಇಳಿಸುತ್ತಿದ್ದಂತೆ ಅವಳ ಮೈ ಹಿಂದಕ್ಕೆ ಜಾರಿತು. ಇನ್ನೊಮ್ಮೆ ಪ್ರಯತ್ನಿಸಿದೆ. ಕಣ್ಣಿನಿಂದ ನೀರು ಇಳಿಯಿತು. ಇದ್ದಷ್ಟರಲ್ಲೇ ಚಿತ್ರ ತೆಗೆದೆ.

ಪರದೆಯ ಮೇಲೆ ಬಂದದ್ದನ್ನು ನೋಡಿದೆ. ಸ್ನಾಯುವಿನ ನೆರಳು ಮೇಲ್ಭಾಗದಲ್ಲಿ ಸಣ್ಣ ತುಂಡಾಗಿ ನಿಂತಿತ್ತು. ಮೊಲೆತೊಟ್ಟಿನ ಮಟ್ಟಕ್ಕೆ ಬರಲು ಇನ್ನೂ ಬಹಳ ದೂರ ಇತ್ತು. ಅದು ನನಗೆ ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಡಿತು.

"ಆಯ್ತಾ ಅಕ್ಕ? ಇಷ್ಟು ಸಾಕಲ್ಲ? ಸಂಜೆಗೆ ಚಟ್ನಿ ಎಲ್ಲ ಆಗ್ಬೇಕು, ಅಲ್ಲಿ ಯಾರೂ ಇಲ್ಲ" ಅಂದಳು, ಭುಜವನ್ನು ಇನ್ನೊಂದು ಕೈಯಿಂದ ಒತ್ತಿಕೊಳ್ಳುತ್ತ.

ಆಗ ನನ್ನೆದುರು ಮೂರು ದಾರಿಗಳಿದ್ದವು. ಅವಳನ್ನು ಕೂರಿಸಿ, ನೀರು ಕೊಟ್ಟು, ಹತ್ತು ನಿಮಿಷ ಬಿಟ್ಟು ಮತ್ತೆ ತೆಗೆಯಬಹುದಿತ್ತು. ಕೈ ಎತ್ತದೆಯೇ ಮೈಯನ್ನು ಒಂದಿಷ್ಟು ತಿರುಗಿಸಿ, ಹೊರಬದಿಯನ್ನು ಮಾತ್ರ ಹಿಡಿಯುವ ಹೆಚ್ಚುವರಿ ಚಿತ್ರವೊಂದನ್ನು ತೆಗೆಯಬಹುದಿತ್ತು. ಅದೂ ಆಗದಿದ್ದರೆ ಕೊನೆಗೆ ಚಿತ್ರದ ಜೊತೆಗಿನ ಷರಾ ಕಾಲಂನಲ್ಲಿ 'ಎಡಭುಜ ಬಿಗಿದಿದೆ, ಹಿಂಭಾಗ ಪೂರ್ತಿ ಬಂದಿಲ್ಲ' ಎಂದು ಒಂದು ಸಾಲು ಬರೆಯಬಹುದಿತ್ತು. ಬರೆದರೆ ಡಾಕ್ಟರು ಅವಳನ್ನು ಮತ್ತೆ ಕರೆಸುತ್ತಿದ್ದರು. ವಡೋದರಾಕ್ಕೆ ಬಾ ಎಂದರೆ ಈ ಹೆಂಗಸು ಹೋಟೆಲು ಬಿಟ್ಟು ಬರುತ್ತಾಳೆಯೇ ಎಂದು ಯೋಚಿಸಿದೆ. ಭಾವನಾಬೆನ್ ಪರದೆಯಾಚೆಯಿಂದ "ಬೆನ್, ಬಹಾರ್ ತೇರ್ ಜಣ್ ಬಾಕಿ ಛೇ" ಎಂದು ಕೂಗಿದಳು. ಹೊರಗೆ ಇನ್ನೂ ಹದಿಮೂರು ಜನ.

"ಸಾಕು ಜಲಜಾ, ಬಟ್ಟೆ ಹಾಕ್ಕೊಳ್ಳಿ" ಅಂದೆ.

ಅವಳಿಗೆ ನೋವಾಗುವುದನ್ನು ನೋಡಲಾರದೆ ಹೀಗೆ ಮಾಡಿದೆ ಎಂದು ನನಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ. ಅದು ನಿಜ. ನನಗೂ ಕಾಲು ನೋಯುತ್ತಿತ್ತು ಎಂಬುದೂ ಅಷ್ಟೇ ನಿಜ.

ಒಂಬತ್ತು ದಿನಕ್ಕೆ ವರದಿ ಬಂತು. ಎರಡೂ ಕಡೆ ನಾರ್ಮಲ್. ಎರಡು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಿ ಎಂಬ ಸಲಹೆ. ಶಿಬಿರದಲ್ಲಿ ನನ್ನ ನಂಬರ್ ಕೇಳಿ ಪಡೆದಿದ್ದ ಜಲಜಾಕ್ಷಿ ಆ ದಿನವೇ ಫೋನ್ ಮಾಡಿದಳು. "ನಾರ್ಮಲ್ ಅಂತ ಬಂತು ಅಕ್ಕ. ನಮ್ಮ ಅತ್ತಿಗೆಗೆ ಈ ಕ್ಯಾನ್ಸರ್ ಆಗಿತ್ತು, ನಂಗೂ ಒಳಗೊಳಗೆ ಹೆದರಿಕೆ ಇತ್ತು. ನಿಮ್ಮಿಂದ ಒಂದು ನಿದ್ದೆ ಬಂತು" ಅಂದಳು. ಒಂದು ಕ್ಷಣ ಅವಳ ಎಡಗಡೆಯ ಚಿತ್ರ ನೆನಪಾಯಿತು. ಡಾಕ್ಟರು ನೋಡಿದ್ದಾರಲ್ಲ ಎಂದುಕೊಂಡು ಸುಮ್ಮನಾದೆ. ಆಮೇಲೆ ಹಬ್ಬಕ್ಕೆ ಒಮ್ಮೆ, ಹುಟ್ಟುಹಬ್ಬಕ್ಕೆ ಒಮ್ಮೆ ಅವಳಿಂದ ಸಂದೇಶ ಬರುತ್ತಿತ್ತು.

2023ರ ಅಕ್ಟೋಬರಿನಲ್ಲಿ ಅವಳ ನಂಬರಿನಿಂದ ಬಂದ ಫೋನಿನಲ್ಲಿ ಮಾತಾಡಿದ್ದು ಮಗಳು ನಿಶಾ. ಸೂರತ್‌ನಲ್ಲೇ ಹುಟ್ಟಿ ಬೆಳೆದ ಇಪ್ಪತ್ಮೂರರ ಹುಡುಗಿ. ಒಂದು ಆಫೀಸಿನಲ್ಲಿ ಕೆಲಸ. ಕನ್ನಡ ಅರ್ಥವಾಗುತ್ತದೆ, ಮಾತು ತುಂಡುತುಂಡಾಗಿ ಬರುತ್ತದೆ.

"ಆಂಟಿ, ಮಮ್ಮಿಗೆ ಹಾಥ್ ಕೆಳಗೆ ಗಂಟು ಉಂಟು. ಇಲ್ಲಿ ಡಾಕ್ಟರ್ ಬಯಾಪ್ಸಿ ಮಾಡ್ಬೇಕು ಹೇಳ್ತಾರೆ. ಆದ್ರೆ ನಿಮ್ಮ ರಿಪೋರ್ಟ್ ನಾರ್ಮಲ್ ಥಾ ನಾ?"

ಗಂಟು ಯಾವಾಗಿನಿಂದ ಎಂದು ಕೇಳಿದೆ. ಮಾರ್ಚ್‌ನಿಂದ ಅಂದಳು. ಏಳು ತಿಂಗಳು. ಕಂಕುಳಿನಲ್ಲಿ ಸಣ್ಣದೇನೋ ಕೈಗೆ ಸಿಕ್ಕಾಗ ಜಲಜಾಕ್ಷಿ ಅದು ಭುಜದ ನೋವಿನದೇ ಬಾವು ಎಂದುಕೊಂಡಿದ್ದಳು. ಡಾಕ್ಟರ ಹತ್ತಿರ ಹೋಗೋಣ ಎಂದು ಗಂಡ ಎರಡು ಸಲ ಹೇಳಿದಾಗಲೂ ಬೀರುವಿನಿಂದ ನಮ್ಮ ವರದಿ ತೆಗೆದು ತೋರಿಸಿ, "ಎಲ್ಲ ನೋಡಿ ಆಗಿದೆ, ಮಷೀನಿಗೆ ಸಿಗದ್ದು ಇವರಿಗೆ ಸಿಗುತ್ತದಾ" ಎಂದಿದ್ದಳಂತೆ. ನಮ್ಮ ಹಾಳೆ ಅವಳನ್ನು ಏಳು ತಿಂಗಳು ಮನೆಯಲ್ಲೇ ಕೂರಿಸಿತ್ತು.

ಕೂಡಲೇ ಬಯಾಪ್ಸಿ ಮಾಡಿಸಿ, ಒಂದು ದಿನವೂ ತಡಮಾಡಬೇಡಿ ಎಂದು ಹೇಳಿ ಫೋನ್ ಇಟ್ಟೆ. ಆಫೀಸಿಗೆ ಹೋಗಿ ಅವಳ ಹಳೆಯ ಚಿತ್ರಗಳನ್ನು ತೆರೆದೆ. ಮೊಲೆತೊಟ್ಟಿನಿಂದ ಚಿತ್ರದ ಹಿಂದಿನ ಅಂಚಿಗೆ ಒಂದು ಗೆರೆ ಎಳೆದು ಅಳೆಯುವ ಕ್ರಮವಿದೆ. ಮೇಲಿನಿಂದ ತೆಗೆದ ಚಿತ್ರಕ್ಕೂ ಓರೆ ಚಿತ್ರಕ್ಕೂ ಈ ಅಳತೆಯಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅವಳ ಎಡಗಡೆಯ ಓರೆ ಚಿತ್ರ ಎರಡು ಸೆಂಟಿಮೀಟರಿನಷ್ಟು ಕಡಿಮೆ ಬಂತು. ತಪ್ಪಾಗಿರಬಹುದೆಂದು ಮೂರು ಸಲ ಅಳೆದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಎಡ ಸ್ತನದ ಹೊರಭಾಗದಲ್ಲಿ, ಮೇಲ್ಗಡೆ, ಎದೆಗೋಡೆಗೆ ಒತ್ತಿಕೊಂಡಂತೆ ಮೂಲಗಂಟು. ಕಂಕುಳಿನದ್ದು ಅಲ್ಲಿಂದ ಹರಡಿದ್ದು. ಸ್ಕ್ಯಾನ್ ಮಾಡಿದಾಗ ಯಕೃತ್ತಿನಲ್ಲೂ ಎರಡು ಕಲೆಗಳು ಕಂಡವು. ಅಂದರೆ ನಾಲ್ಕನೆಯ ಹಂತ. ಆ ಹಂತದಲ್ಲಿ ಚಿಕಿತ್ಸೆ ದಿನಗಳನ್ನು ಕೊಡುತ್ತದೆ, ಗುಣ ಮಾಡುವುದಿಲ್ಲ.

ನಾನು ರಜೆ ಹಾಕಿ ಅಹಮದಾಬಾದಿಗೆ ಹೋದೆ. ನವರಂಗಪುರದ ತಮ್ಮ ಕೋಣೆಯಲ್ಲಿ ಡಾ. ಹೇತಲ್ ಹಳೆಯ ಚಿತ್ರವನ್ನೂ ಹೊಸ ಸ್ಕ್ಯಾನನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ನನಗಿಂತ ಚಿಕ್ಕವರು, ಕೆಲಸದಲ್ಲಿ ಬಹಳ ಶಿಸ್ತಿನವರು.

"ಆ ದಿನ ಅದು ಅಲ್ಲಿ ಇತ್ತಾ ಮೇಡಂ?" ಎಂದು ಕೇಳಿದೆ.

"ಇದ್ದಿರಬಹುದು. ಇಲ್ಲದೆಯೂ ಇರಬಹುದು" ಎಂದು ಹಿಂದಿಯಲ್ಲಿ ಹೇಳಿದರು. "ಕೆಲವು ಗಂಟು ಬಹಳ ಬೇಗ ಬೆಳೆಯುತ್ತವೆ. ಸುಮಿತ್ರಾಜಿ, ಆ ಜಾಗವೇ ಚಿತ್ರದಲ್ಲಿ ಇಲ್ಲ. ಇಲ್ಲದ್ದನ್ನು ನೋಡಿ ನಾನು ಏನು ಹೇಳಲಿ? ಇದನ್ನು ನಾನು ಅವತ್ತೇ ವಾಪಸ್ ಕಳಿಸಬೇಕಿತ್ತು. ಸ್ನಾಯು ಬಂದಿಲ್ಲ ಅನ್ನುವುದು ನನಗೂ ಕಾಣಬೇಕಿತ್ತು. ಅಂದು ನಿಮ್ಮ ವ್ಯಾನಿನದ್ದೇ ಒಂದು ರಾಶಿ ನನ್ನೆದುರು ಇತ್ತು."

ಯಾರಾದರೊಬ್ಬರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೋಗಲಿ, ತಪ್ಪಿನಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಿದ್ದರೂ ಆಗುತ್ತಿತ್ತು. ಖಚಿತವಾಗಿ ಹೇಳಬಲ್ಲ ಸಾಕ್ಷಿ ಒಂದೇ ಇತ್ತು, ಅದನ್ನು ನಾನು ತೆಗೆದಿರಲಿಲ್ಲ.

ಜಲಜಾಕ್ಷಿಯನ್ನು ನೋಡಲು ಸೂರತ್‌ಗೆ ಹೋದದ್ದು ಡಿಸೆಂಬರಿನಲ್ಲಿ, ಮೂರನೇ ಕೀಮೊ ಆದ ಮೇಲೆ. ಅಡಾಜಣ್‌ನ ಅವರ ಮನೆ ನಾಲ್ಕನೇ ಮಹಡಿಯಲ್ಲಿ. ಸದಾನಂದ ಬಾಗಿಲು ತೆಗೆದು, "ಬನ್ನಿ ಅಕ್ಕ, ನೀವು ಬರ್ತೀರಿ ಅಂತ ಬೆಳಗ್ಗಿಂದ ಕಾಯ್ತಾ ಇದ್ದಾಳೆ" ಎಂದು ಹೇಳಿ ಹೋಟೆಲಿಗೆ ಹೊರಟರು. ನಿಶಾ ಆಫೀಸಿನಲ್ಲಿದ್ದಳು. ಜಲಜಾಕ್ಷಿ ತಲೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ಬಾಲ್ಕನಿಯ ಬಿಸಿಲಿನಲ್ಲಿ ಕೂತಿದ್ದಳು. ಅರ್ಧದಷ್ಟಾಗಿದ್ದಳು. ಊರಿನ ಸುದ್ದಿ, ಔಷಧಿಯಿಂದ ಬಾಯಿರುಚಿ ಕೆಟ್ಟದ್ದು, ಹೋಟೆಲಿನಲ್ಲಿ ಸಾಂಬಾರು ಹಾಳಾಗುತ್ತಿರುವುದು, ಎಲ್ಲ ಹೇಳಿದಳು. ನಾನು ಬಂದ ಉದ್ದೇಶ ಬೇರೆಯೇ ಇತ್ತು. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವೆಲ್ಲ ಮರೆತುಹೋದವು.

"ಜಲಜಾ, ಆ ದಿನ ನಿಮ್ಮ ಎಡಗಡೆ ಚಿತ್ರ ಪೂರ್ತಿ ಬಂದಿರಲಿಲ್ಲ. ನನಗೆ ಗೊತ್ತಿತ್ತು. ಇನ್ನೊಂದು ತೆಗೀಬೇಕಿತ್ತು, ತೆಗೀಲಿಲ್ಲ. ಬರೀಬೇಕಿತ್ತು, ಬರೀಲಿಲ್ಲ."

ಅವಳು ನನ್ನ ಮುಖ ನೋಡಿದಳು.

"ಸಾಕು ಅಂದದ್ದು ನಾನಲ್ವಾ?"

"ನೀವು ಅಂದ್ರಿ. ನಾನು ಕೇಳಬಾರದಿತ್ತು."

"ಅವತ್ತೇ ಗೊತ್ತಾಗಿದ್ರೆ ನಾನು ಉಳೀತಿದ್ನಾ?"

"ಗೊತ್ತಿಲ್ಲ. ಅವತ್ತು ಅದು ಇತ್ತೋ ಇಲ್ವೋ ಅನ್ನೋದೇ ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ನಂಗೆ ಯಾಕೆ ಹೇಳಿದ್ರಿ?"

ನಿಜ ಹೇಳುವುದು ನನ್ನ ಕರ್ತವ್ಯ ಎಂದುಕೊಂಡು ಬಂದಿದ್ದೆ. ಅವಳಿಗೆ ಅದರಿಂದ ಏನು ಸಿಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

"ಇಷ್ಟು ದಿನ ಹಣೆಬರಹ ಅಂತ ಹೇಳಿಕೊಂಡು ಹೇಗೋ ಮಲಗ್ತಿದ್ದೆ" ಎಂದಳು ನಿಧಾನವಾಗಿ. "ಇನ್ನು ನಾನು ಆ ಹೊತ್ತನ್ನೇ ನೆನಪು ಮಾಡ್ತಾ ಇರ್ಬೇಕು. ಆ ಚಟ್ನಿ ಒಂದು ಅರ್ಧ ಗಂಟೆ ತಡ ಆಗಿದ್ರೆ ಎಂತ ಆಗ್ತಿತ್ತು ಅಂತ. ಇದ್ದದ್ದು ಸ್ವಲ್ಪ ದಿನ. ಅದನ್ನೂ ನೀವು ಹೀಗೆ ಮಾಡಿದ್ರಿ."

ಬಿಸಿಲು ಕಾಲಿನಿಂದ ಸರಿದಿತ್ತು. ಕುರ್ಚಿ ಸರಿಸಿಕೊಡಲೇ ಎಂದು ಕೇಳಿದೆ, ಬೇಡ ಎಂದಳು. ಹೊರಡುವಾಗ ಹೇಳಿದಳು, "ಇವರಿಗೆ ಹೇಳ್ಬೇಡಿ. ನಿಶಾಗೂ ಬೇಡ. ಅವ್ರು ನಿಮ್ಮನ್ನು ಬೈಯುದು ಬಿಡಿ, ನಾನು ಕೈ ಎತ್ಲಿಲ್ಲ, ಏಳು ತಿಂಗಳು ಹೋಗ್ಲಿಲ್ಲ ಅಂತ ನನ್ನ ಮೇಲೆ ಸಿಟ್ಟು ಬರ್ತದೆ ಅವರಿಗೆ. ಸತ್ತ ಮೇಲೆ ನನ್ನ ಮೇಲೆ ಸಿಟ್ಟು ಇರುದು ಬೇಡ. ಆಯ್ತಾ ಮೇಡಂ?"

ಅಲ್ಲಿಯವರೆಗೆ ನಾನು ಅವಳಿಗೆ ಅಕ್ಕ ಆಗಿದ್ದೆ. ಅದಾದ ಮೇಲೆ ಅವಳು ನನ್ನನ್ನು ಹಾಗೆ ಕರೆಯಲಿಲ್ಲ.

2024ರ ಜುಲೈಯಲ್ಲಿ ಅವಳು ತೀರಿಕೊಂಡಳು. ಕೊನೆಯ ಎರಡು ತಿಂಗಳು ಬೆನ್ನುಮೂಳೆಗೂ ಹರಡಿ ಮಲಗಿದಲ್ಲೇ ಇದ್ದಳು. ನಾನು ಮತ್ತೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲಿದ್ದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ವೈಕುಂಠ ಸಮಾರಾಧನೆಯ ದಿನ ಸದಾನಂದ ನನ್ನ ಎಲೆಯ ಎದುರು ಬಂದು ನಿಂತು ಬಡಿಸಿದರು. "ಅವಳ ಕಷ್ಟಕ್ಕೆ ನೀವೊಬ್ರು ಆದ್ರಿ. ಮುಂದೆ ನಿಶಾಗೂ ವರ್ಷವರ್ಷ ಮಾಡಿಸ್ಬೇಕಾಗ್ತದೆ ಅಂತೆ. ಅವಳದ್ದು ನೀವೇ ತೆಗೀಬೇಕು" ಅಂದರು. ನಾನು ತಲೆಯಾಡಿಸಿದೆ. ಇಲ್ಲಿ ಎಲ್ಲರ ಹೆಸರುಗಳನ್ನೂ ಬದಲಿಸಿದ್ದೇನೆ. ಅವರ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ತಂದೆಗೆ ಹೋಟೆಲಿನ ನಡುವೆ ಪುಸ್ತಕ ಓದುವ ಅಭ್ಯಾಸವಿಲ್ಲ. ಅದೇ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಈ ಧೈರ್ಯ ಎಷ್ಟು ಯೋಗ್ಯವಾದದ್ದು ಎಂದು ನನಗೆ ಗೊತ್ತಿದೆ.

ಟ್ರಸ್ಟಿಗೆ ನಾನು ಲಿಖಿತ ವರದಿ ಕೊಟ್ಟೆ. ನಡೆದದ್ದನ್ನೆಲ್ಲ ಬರೆದು, ದಿನಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಬಾರದು, ಕೈ ಎತ್ತಲಾಗದವರಿಗೆ ಹೆಚ್ಚುವರಿ ಚಿತ್ರ ಕಡ್ಡಾಯವಾಗಬೇಕು, ವರದಿಯ ಹಾಳೆಯ ಮೇಲೆ 'ನಾರ್ಮಲ್ ಎಂದು ಬಂದಿದ್ದರೂ ಗಂಟು ಕಂಡರೆ ಕೂಡಲೇ ಡಾಕ್ಟರನ್ನು ಕಾಣಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು ಎಂದು ಕೇಳಿದೆ. ಮೂರು ವಾರದ ಮೇಲೆ ಸಂಯೋಜಕರು ಕರೆಸಿದರು. ಸಭ್ಯ ಮನುಷ್ಯ. "ಬೆನ್, ಇಪ್ಪತ್ತೈದು ಅಂದರೆ ಉಳಿದ ಹದಿನೇಳು ಹೆಂಗಸರಿಗೆ ಪರೀಕ್ಷೆಯೇ ಇಲ್ಲ. ಆ ಹದಿನೇಳರಲ್ಲಿ ಒಬ್ಬಳಿಗೆ ಇದ್ದರೆ? ಅವಳಿಗೆ ಯಾರು ಜವಾಬ್ದಾರಿ?" ಎಂದು ಕೇಳಿದರು. ದಪ್ಪ ಅಕ್ಷರದ ಸಾಲನ್ನು ಮಾತ್ರ ಒಪ್ಪಿಕೊಂಡರು. ಹಾಳೆಯ ಕೆಳಗೆ ಗುಜರಾತಿಯಲ್ಲಿ ಈಗ ಅದು ಇದೆ. ಅದನ್ನು ಓದುವವರನ್ನು ನಾನು ಇನ್ನೂ ಕಂಡಿಲ್ಲ. ಎಲ್ಲರ ಕಣ್ಣೂ 'ನಾರ್ಮಲ್' ಎಂಬಲ್ಲಿಯೇ ನಿಲ್ಲುತ್ತದೆ.

ನಾನು ಬದಲಾದೆ. ಸ್ನಾಯು ಕೆಳಗಿಳಿದು ಕಾಣುವವರೆಗೆ ಈಗ ಯಾರನ್ನೂ ಬಿಡುವುದಿಲ್ಲ. ಎರಡನೇ ಸಲ, ಮೂರನೇ ಸಲ ಒತ್ತುತ್ತೇನೆ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಭಾವನಾಬೆನ್ ಎಷ್ಟೇ ಕೂಗಲಿ, ಕೇಳಿಸಿಕೊಳ್ಳುವುದಿಲ್ಲ.

ಹೋದ ವರ್ಷ ಅಹಮದಾಬಾದಿನ ಬೋಪಲ್‌ನಲ್ಲಿ ಶಿಬಿರ ಇದ್ದಾಗ ಐವತ್ತೆರಡರ ಒಬ್ಬ ಗುಜರಾತಿ ಹೆಂಗಸು ಬಂದಿದ್ದರು. ಶಾಲೆಯಲ್ಲಿ ಟೀಚರು. ಅವರ ಭುಜವೂ ಬಿಗಿದಿತ್ತು. ನಾನು ನಾಲ್ಕು ಸಲ ಪ್ರಯತ್ನಿಸಿ ಚಿತ್ರ ಪಡೆದೆ. ಒಂದು ಮಿಲಿಮೀಟರೂ ಬಿಟ್ಟುಹೋಗದಂಥ ಚಿತ್ರ. ಅವರು ಅಳುತ್ತಲೇ ಬಟ್ಟೆ ಹಾಕಿಕೊಂಡರು. ಮೆಟ್ಟಿಲಿಳಿದು ಸಾಲಿನಲ್ಲಿದ್ದವರಿಗೆ ಏನೋ ಹೇಳಿದರು. ಸಾಲಿನಿಂದ ಆರು ಹೆಂಗಸರು ಮನೆಗೆ ಹೋದರು. ಭಾವನಾಬೆನ್ ಹಿಂದೆ ಓಡಿದಳು, ಯಾರೂ ತಿರುಗಿ ಬರಲಿಲ್ಲ. ಟೀಚರ ಬಲಗಡೆ ಏನೋ ಸಣ್ಣದೊಂದು ಕಂಡಿದ್ದರಿಂದ ಆರು ತಿಂಗಳ ಮೇಲೆ ಮತ್ತೆ ನೋಡಬೇಕೆಂದು ಡಾ. ಹೇತಲ್ ಬರೆದಿದ್ದರು. ನಾನೇ ಫೋನ್ ಮಾಡಿದೆ. ನನ್ನ ದನಿ ಗುರುತಿಸಿ, "ಆ ಯಂತ್ರದ ಹತ್ತಿರ ಇನ್ನು ಬರುವುದಿಲ್ಲ" ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ಹಲವು ಸಲ ಮಾಡಿದೆ. ಈಗ ಆ ನಂಬರಿಗೆ ನನ್ನ ಕರೆ ಹೋಗುವುದಿಲ್ಲ.

ಇನ್ನೊಂದು ವರ್ಷಕ್ಕೆ ನನ್ನ ನಿವೃತ್ತಿ. ಈ ವೃತ್ತಿ ಏನು ಕಲಿಸಿತು ಎಂದು ತರಬೇತಿಗೆ ಬರುವ ಹುಡುಗಿಯರು ಕೇಳುತ್ತಾರೆ. ಕರುಣೆ ತೋರಿಸಿದರೆ ಚಿತ್ರ ಕಳೆದುಕೊಳ್ಳುತ್ತೀರಿ, ಚಿತ್ರಕ್ಕಾಗಿ ಗಟ್ಟಿಯಾದರೆ ಹೆಂಗಸನ್ನೇ ಕಳೆದುಕೊಳ್ಳುತ್ತೀರಿ ಎಂದು ಹೇಳುತ್ತೇನೆ. ಹಾಗಾದರೆ ಏನು ಮಾಡಬೇಕು ಎಂದು ಅವರು ಕೇಳುತ್ತಾರೆ. ಷರಾ ಕಾಲಂನಲ್ಲಿ ನಿಜ ಬರೆಯಿರಿ ಎನ್ನುತ್ತೇನೆ. ಅವರು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ಹೆಚ್ಚಿನದು ನನಗೆ ಗೊತ್ತಿಲ್ಲ.